ಕಾನ್‌ವೈಲರ್ ಪ್ರತಿಕೃತಿ: ಅದರ ರಚನಾರೀತಿ ಮತ್ತು ಭಾವವಿಚಾರ

೧. ವಿಷಯನಿರ್ದೇಶ

ಒಬ್ಬ ಮನುಷ್ಯನ ಪ್ರತಿಕೃತಿಯನ್ನು ಬರೆಯಲು ತೊಡಗಿದ ಚಿತ್ರಕಾರನು ಆ ಮನುಷ್ಯನ ಮುಖವನ್ನೇ ಒಡೆದು, ಹಲವು ತುಂಡುಗಳನ್ನಾಗಿ ಮಾಡಿ ಪಟದ ಮೇಲೆ ಹರಡಿದರೆ, ಅದನ್ನು ಪ್ರತಿಕೃತಿಯೆಂದು ಹೇಳಬಹುದೆ? ಹೇಳಬಹುದಾದರೆ ಯಾವ ಪ್ರಮಾಣದಿಂದ ಹೇಳಬೇಕು? ಅಂತಹ ಪಟದಲ್ಲಿ ಭಾವವೆಂಬುದು ಎಲ್ಲಿ ನೆಲೆಸಿರುತ್ತದೆ? ಸ್ಪೇನ್ ದೇಶದ ಪಾಬ್ಲೋ ಪಿಕಾಸೋ ಎಂಬ ಚಿತ್ರಕಾರನು ಕ್ರಿ. ಶ. ೧೯೧೦ರಲ್ಲಿ ಪಾರಿಸ್ ನಗರದಲ್ಲಿ ಬರೆದ ಡೇನಿಯಲ್ ಹೆನ್ರಿ ಕಾನ್‌ವೈಲರ್ ಎಂಬವನ ಪ್ರತಿಕೃತಿಯನ್ನು ಆಶ್ರಯಿಸಿ ಈ ಮೂರು ಪ್ರಶ್ನೆಗಳನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇಂತಹ ಚಿತ್ರಗಳ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲಿ ಎರಡು ಪಕ್ಷಗಳು ಕಂಡುಬರುತ್ತವೆ. ಸಾದೃಶ್ಯವಿಲ್ಲದುದು ಚಿತ್ರವೇ ಅಲ್ಲ, ಆದುದರಿಂದ ವಿಚಾರಕ್ಕೆ ಅನರ್ಹವೆಂಬುದು ಒಂದು ಪಕ್ಷ. ಇದೆಲ್ಲವೂ ನಮ್ಮ ಚಿತ್ರಶಾಸ್ತ್ರದಲ್ಲಿ ಮೊದಲೇ ಹೇಳಲ್ಪಟ್ಟಿದೆ, ಪಾಶ್ಚಾತ್ಯರು ಈಗ ತಾನೇ ಅದನ್ನು ಕಂಡುಕೊಂಡರೆಂಬುದು ಇನ್ನೊಂದು ಪಕ್ಷ. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ಅಂಶದಲ್ಲಿ ಸಮಾನವೇ. ಚಿತ್ರವನ್ನು ನೋಡುವ ಶ್ರಮವನ್ನು ಎರಡೂ ತಪ್ಪಿಸುತ್ತವೆ. ಶಾಸ್ತ್ರವೆಂಬುದು ಅಳತೆಗೋಲಾದರೆ ಅದು ಹೊಸ ವಸ್ತುವನ್ನೂ ಅಳೆಯಬಲ್ಲುದಾಗಿರಬೇಕು; ಎಲ್ಲಿ ಅಳತೆಗೆ ಸಿಕ್ಕುವುದಿಲ್ಲವೋ ಅಲ್ಲಿ ಸಿಕ್ಕಲಿಲ್ಲವೆಂದು ಹೇಳಬಲ್ಲುದಾಗಿರಬೇಕು. ಹಾಗಲ್ಲದಿದ್ದರೆ ಅದು ಪೆಟ್ಟಿಗೆಯಲ್ಲಿ ಬೀಗಹಾಕಿಟ್ಟ ಒಡವೆಯಂತೆ ನಿರುಪಯೋಗಿಯಾಗುವುದು.

೨. ಚಿತ್ರದ ಪೂರ್ವವೃತ್ತಾಂತ

ಕಾನ್‌ವೈಲರನು ೧೮೮೪ರಲ್ಲಿ ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಯೆಹೂದಿ ಕುಟುಂಬದಲ್ಲಿ ಜನಿಸಿದವನು. ಲೇವಾದೇವಿಯ ವ್ಯವಹಾರದಲ್ಲಿ ಶಿಕ್ಷಣ ಪಡೆದಿದ್ದರೂ ಆ ವೃತ್ತಿಯನ್ನು ಬಿಟ್ಟು, ೧೯೦೭ರಲ್ಲಿ ಪಾರಿಸ್ಸಿನ ವಿನ್ಯೋಂ ಬೀದಿಯಲ್ಲಿ ಒಂದು ಚಿಕ್ಕ ಚಿತ್ರದ ಅಂಗಡಿಯನ್ನು ತೆರೆದನು. ಹೆಸರಾದ ಚಿತ್ರಕಾರರನ್ನು ಬಿಟ್ಟು, ಯಾರೂ ಕೊಳ್ಳದ ಯುವಕರ ಚಿತ್ರಗಳನ್ನು ಕೊಂಡುಕೊಳ್ಳುವುದು ಅವನ ಪದ್ಧತಿ. ೧೯೦೮ರ ನವೆಂಬರಿನಲ್ಲಿ ಜಾರ್ಜ್ ಬ್ರಾಕನ ಚಿತ್ರಗಳು ಅದೇ ಅಂಗಡಿಯಲ್ಲಿ ಪ್ರದರ್ಶಿತವಾದುವು. ಅವುಗಳನ್ನು ಕಂಡ ಒಬ್ಬ ವಿಮರ್ಶಕನು, ಈತನು ಸಕಲವನ್ನೂ ಘನಾಕೃತಿಗಳಿಗೆ ಇಳಿಸುತ್ತಾನೆಂದು ಹಾಸ್ಯಮಾಡಿದುದರಿಂದಲೇ ಆ ಪಂಥಕ್ಕೆ ಕ್ಯೂಬಿಸಂ ಎಂಬ ಹೆಸರು ಬಂದಿತು. ನಿಂದೆಯಾಗಿ ಹುಟ್ಟಿದ ಹೆಸರು ಕಾಲಾಂತರದಲ್ಲಿ ಬಿರುದಾಗಿ ನಿಂತಿತು.

ಪಿಕಾಸೋ ೧೮೮೧ರಲ್ಲಿ ಜನಿಸಿದವನು. ಯಥಾರ್ಥ ಸಾದೃಶ್ಯವನ್ನು ಬರೆಯುವ ಶಕ್ತಿಯು ಅವನಿಗೆ ಬಾಲ್ಯದಲ್ಲಿಯೇ ಸಿದ್ಧಿಸಿತ್ತೆಂಬುದನ್ನು ಅವನ ಎಳವೆಯ ಚಿತ್ರಗಳು ತೋರಿಸುತ್ತವೆ. ಆದುದರಿಂದ ಬರೆಯಲಾರದೆ ಹೀಗೆ ಬರೆದನೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ೧೯೦೬ರಲ್ಲಿ ಗರ್ಟ್ರೂಡ್ ಸ್ಟೈನ್ ಎಂಬ ಅಮೆರಿಕದ ಲೇಖಕಿಯ ಪ್ರತಿಕೃತಿಯನ್ನು ಬರೆಯುವಾಗ, ಅವಳನ್ನು ಅನೇಕಾವರ್ತಿ ಎದುರಿಗೆ ಕೂರಿಸಿಕೊಂಡ ಮೇಲೆ ಅತೃಪ್ತನಾಗಿ ಮುಖವನ್ನು ಅಳಿಸಿಹಾಕಿ, ಕೆಲವು ತಿಂಗಳ ತರುವಾಯ ಅವಳನ್ನು ನೋಡದೆಯೇ ಮುಖವಾಡದಂತಹ ಮುಖವೊಂದನ್ನು ಬರೆದು ಪೂರೈಸಿದನು. ಅಲ್ಲಿ ಮುಖವು ಕಠಿನವಾಯಿತೇ ಹೊರತು ಒಡೆಯಲಿಲ್ಲ. ೧೯೧೦ರಲ್ಲಿ ವಿಲ್‌ಹೆಲ್ಮ್ ಊಡೆ, ಆಂಬ್ರ್ವಾಸ್ ವೊಲಾರ್ ಎಂಬವರ ಪ್ರತಿಕೃತಿಗಳಲ್ಲಿ ದೇಹವು ಸ್ಫಟಿಕದಂತೆ ಮುಖಮುಖವಾಗಿ ಒಡೆದಿದ್ದರೂ ಆ ವ್ಯಕ್ತಿಯ ಮುಖವನ್ನು ಗುರುತಿಸುವುದು ಕಷ್ಟವಲ್ಲ. ಆ ವರ್ಷದ ಬೇಸಗೆಯನ್ನು ಚಿತ್ರಕಾರನು ಕಡಾಕೆಸ್ ಎಂಬ ಸಮುದ್ರತೀರದ ಊರಿನಲ್ಲಿ ಕಳೆದನು. ಅಲ್ಲಿಂದ ಅವನು ಅಪೂರ್ಣವಾದ ಪಟಗಳನ್ನೂ ಅಸಮಾಧಾನವನ್ನೂ ಹೊತ್ತು ಹಿಂದಿರುಗಿದನೆಂದೂ, ಆದರೆ ಮುಚ್ಚಿದ ಆಕಾರವನ್ನು ಭೇದಿಸುವ ದೊಡ್ಡ ಹೆಜ್ಜೆಯನ್ನು ಅಲ್ಲಿಯೇ ಇಟ್ಟನೆಂದೂ ಕಾನ್‌ವೈಲರನು ತನ್ನ ಗ್ರಂಥದಲ್ಲಿ ತಿಳಿಸಿರುವನು. ಅದೇ ವರ್ಷದ ಶರತ್ಕಾಲದಲ್ಲಿ ನಮ್ಮ ವಿಷಯವಾದ ಪ್ರತಿಕೃತಿಯು ರಚಿತವಾಯಿತು.

೩. ಚಿತ್ರದ ಸ್ವರೂಪ

ಇದು ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದ ಪಟ. ಎತ್ತರವು ಸುಮಾರು ೧೦೧ ಸೆಂಟಿಮೀಟರು, ಅಗಲವು ಸುಮಾರು ೭೩ ಸೆಂಟಿಮೀಟರು. ವರ್ಣಗಳು ಬೂದಿ, ಕಂದು, ಕಪ್ಪು, ಬಿಳಿ. ಇವುಗಳ ಮಿಶ್ರಣದ ಹೊರತು ಬೇರಿಲ್ಲ. ಮೊದಲ ನೋಟಕ್ಕೆ ಕಾಣುವುದು ನೆಟ್ಟಗೂ ಓರೆಯಾಗಿಯೂ ಹಾಯ್ದ ರೇಖೆಗಳ ಒಂದು ಚೌಕಟ್ಟು; ಅದರ ನಡುನಡುವೆ ಒಂದರ ಮೇಲೊಂದು ಬಿದ್ದ ತೆಳುವಾದ ಹಲಗೆಗಳಂತಹ ತಲಗಳು. ದೇಹವು ಎಲ್ಲಿ ಮುಗಿದು ಅವಕಾಶವು ಎಲ್ಲಿ ಮೊದಲಾಯಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಸ್ವಲ್ಪ ಹೊತ್ತು ನೋಡುತ್ತಿದ್ದರೆ ಕೆಲವು ಗುರುತುಗಳು ಹೊರಬರುತ್ತವೆ. ಮೇಲುಗಡೆ ಬಾಚಿದ ಕೂದಲಿನ ಒಂದು ಅಲೆ. ಅದರ ಕೆಳಗೆ ಕಣ್ಣುಗಳ ಸೂಚನೆ, ಮೂಗಿನ ಏಣು. ನಡುವೆ ಅಂಗಿಯ ಮೇಲೆ ಇಳಿಬಿದ್ದ ಗಡಿಯಾರದ ಸರಪಣಿಯ ವಕ್ರರೇಖೆ. ಕೆಳಗೆ ಒಂದರೊಳಗೊಂದು ಸೇರಿದ ಎರಡು ಕೈಗಳು. ಎಡಮೂಲೆಯಲ್ಲಿ ಸೀಸೆ ಮೊದಲಾದ ವಸ್ತುಗಳ ಆಭಾಸವುಂಟು. ಇಷ್ಟನ್ನು ಬಿಟ್ಟರೆ ಮಿಕ್ಕುದೆಲ್ಲವೂ ಬೆಳಕು ಕತ್ತಲೆಗಳ ಜೋಡಣೆ. ಚಿತ್ರಕಾರನೇ ಅದೇ ಕಾಲದಲ್ಲಿ ತನ್ನ ಚಿತ್ರಶಾಲೆಯಲ್ಲಿ ತೆಗೆದ ಕಾನ್‌ವೈಲರನ ಛಾಯಾಚಿತ್ರವೊಂದು ಉಳಿದಿದೆ. ಅದರಲ್ಲಿ ಅಚ್ಚುಕಟ್ಟಾಗಿ ಉಡುಪುಧರಿಸಿ ಕುಳಿತ ಯುವಕನೊಬ್ಬನು ಕಾಣುತ್ತಾನೆ. ಪಟವನ್ನೂ ಛಾಯಾಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟರೆ, ಯಂತ್ರವು ಮಾಡಬಲ್ಲುದನ್ನು ಯಂತ್ರಕ್ಕೆ ಬಿಟ್ಟು ಚಿತ್ರಕಾರನು ಬೇರೆ ಯಾವುದನ್ನೋ ಅರಸಿದನೆಂಬುದು ಸ್ಪಷ್ಟವಾಗುತ್ತದೆ.

೪. ಪೂರ್ವಪಕ್ಷ

ಇನ್ನು ಶಾಸ್ತ್ರದೃಷ್ಟಿಯನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥಚಿಂತಾಮಣಿಯಲ್ಲಿ ಚಿತ್ರವು ಹಲವು ಬಗೆಯಾಗಿ ವಿಭಾಗಿಸಲ್ಪಟ್ಟಿದೆ. ಕನ್ನಡಿಯಲ್ಲಿ ಬಿಂಬವು ಹೇಗೋ ಹಾಗೆ ಸಾದೃಶ್ಯವು ಕಾಣುವುದು ವಿದ್ಧಚಿತ್ರ. ಆಕಸ್ಮಿಕವಾಗಿ ಹೊಳೆದಂತೆ ಆಕಾರಮಾತ್ರವನ್ನು ತೋರಿಸುವುದು ಅವಿದ್ಧಚಿತ್ರ. ನೋಡಿದೊಡನೆಯೇ ಶೃಂಗಾರಾದಿ ರಸಗಳು ತಿಳಿಯುವಂತಹುದು ಭಾವಚಿತ್ರ. ಪೂರ್ವಪಕ್ಷಿಯು ಹೀಗೆ ಹೇಳುವನು: ಪ್ರಕೃತ ಪಟವು ಕನ್ನಡಿಯಂತಿಲ್ಲವಾದುದರಿಂದ ವಿದ್ಧವಲ್ಲ, ಒಬ್ಬ ನಿಯತವ್ಯಕ್ತಿಯನ್ನು ಎದುರಿಗೆ ಅನೇಕಸಲ ಕೂರಿಸಿಕೊಂಡು ಬರೆದುದಾದುದರಿಂದ ಆಕಸ್ಮಿಕವಾದ ಅವಿದ್ಧವೂ ಅಲ್ಲ, ನೋಡಿದೊಡನೆಯೇ ರಸವು ತಿಳಿಯದಿರುವುದರಿಂದ ಭಾವಚಿತ್ರವೂ ಅಲ್ಲ. ಆದುದರಿಂದ ಇದು ಚಿತ್ರವಿಭಾಗದೊಳಗೆ ಬಾರದು.

ಈ ಪಕ್ಷಕ್ಕೆ ಇನ್ನೊಂದು ಬಲವಾದ ಆಧಾರವುಂಟು. ಶ್ರೀಶಂಕುಕನು ನಾಟ್ಯದಲ್ಲಿ ನಟನನ್ನು ಕಂಡು ಇವನೇ ರಾಮನೆಂದು ಉಂಟಾಗುವ ಪ್ರತೀತಿಯನ್ನು ಚಿತ್ರದಲ್ಲಿ ಬರೆದ ಕುದುರೆಯ ದೃಷ್ಟಾಂತದಿಂದ ವಿವರಿಸಿದನು. ಅದು ಯಥಾರ್ಥವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಇವುಗಳಿಗೆ ವಿಲಕ್ಷಣವಾದುದೆಂದು ಅವನ ಮತ. ಅಭಿನವಗುಪ್ತನು ತನ್ನ ಗುರುವಾದ ಭಟ್ಟತೌತನ ಖಂಡನೆಯನ್ನು ಉದಾಹರಿಸುತ್ತಾ, ಸಿಂಧೂರ ಮುಂತಾದ ವರ್ಣದ್ರವ್ಯಗಳು ಹಸುವನ್ನು ಹೊರಪಡಿಸುವುದಿಲ್ಲವೆಂದೂ, ಹಸುವಿನ ಅವಯವಗಳ ಸನ್ನಿವೇಶಕ್ಕೆ ಸದೃಶವಾದ ಸನ್ನಿವೇಶವನ್ನು ಹೊಂದಿರುವುದರಿಂದಲೇ ಹಸುವಿನಂತೆ ಎಂಬ ಪ್ರತೀತಿಗೆ ವಿಷಯವಾಗುತ್ತವೆಂದೂ ಹೇಳುವನು. ಹಾಗಾದರೆ ಚಿತ್ರದ ಜೀವವು ಅವಯವಸನ್ನಿವೇಶವೆಂದಾಯಿತು. ಪಿಕಾಸೋ ಒಡೆದುದು ಅದನ್ನೇ. ಜೀವವನ್ನು ತೆಗೆದ ಮೇಲೆ ಉಳಿದುದು ಬರಿಯ ವರ್ಣದ್ರವ್ಯವಲ್ಲವೆ? ಈ ಆಕ್ಷೇಪಕ್ಕೆ ಉತ್ತರವನ್ನು ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ.

೫. ರಚನಾರೀತಿಯ ವಿಚಾರ

ಉತ್ತರವನ್ನು ಚಿತ್ರದ ರಚನೆಯಲ್ಲಿಯೇ ಹುಡುಕಬೇಕು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದ ಚಿತ್ರಸೂತ್ರದಲ್ಲಿ ದೇಹದ ಒಂಬತ್ತು ಸ್ಥಾನಗಳು ಹೇಳಲ್ಪಟ್ಟಿವೆ. ಎದುರಾಗಿ ನಿಂತ ಋಜ್ವಾಗತ, ಪಕ್ಕದಿಂದ ಕಾಣುವ ಪಾರ್ಶ್ವಾಗತ, ಹಿಂದಿನಿಂದ ಕಾಣುವ ಪೃಷ್ಠಾಗತ ಮುಂತಾದುವು ಅವು. ನೋಟವು ತಿರುಗಿದಂತೆಲ್ಲ ಅಂಗದ ಒಂದು ಪಕ್ಕವು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಇದಕ್ಕೆ ಕ್ಷಯವೃದ್ಧಿಯೆಂದು ಹೆಸರು. ಶಾಸ್ತ್ರದ ಆಶಯವೇನೆಂದರೆ, ಒಂದು ಆಕೃತಿಗೆ ಒಂದು ಸ್ಥಾನ. ಆ ಸ್ಥಾನಕ್ಕೆ ತಕ್ಕ ಕ್ಷಯವೃದ್ಧಿ. ಯೂರೋಪಿನ ಚಿತ್ರಕಾರರೂ ಹದಿನೈದನೆಯ ಶತಮಾನದಿಂದ ನೋಡುವವನ ಒಂದು ಕಣ್ಣನ್ನು ಒಂದು ಸ್ಥಳದಲ್ಲಿ ನಿಲ್ಲಿಸಿ ಬರೆಯುತ್ತಿದ್ದರು. ಸೆಜಾನನು ತನ್ನ ಕೊನೆಗಾಲದ ಚಿತ್ರಗಳಲ್ಲಿ ಈ ನಿಯಮವನ್ನು ಸಡಿಲಿಸಿದನು. ಪಿಕಾಸೋ ಮತ್ತು ಬ್ರಾಕರು ಅದನ್ನು ಪೂರ್ಣವಾಗಿ ಬಿಟ್ಟರು. ಕಾನ್‌ವೈಲರ್ ಪಟದಲ್ಲಿ ಎದುರು, ಓರೆ, ಪಕ್ಕ ಎಂಬ ಹಲವು ಸ್ಥಾನಗಳ ತುಂಡುಗಳು ಒಂದೇ ಆಕೃತಿಯಲ್ಲಿ ಬೆರೆತಿವೆ. ಇದು ನಮ್ಮ ಶಾಸ್ತ್ರದಲ್ಲಿ ಹೇಳಲ್ಪಟ್ಟ ವಿಧಿಯಲ್ಲ; ಅದನ್ನು ಮೀರಿದ ಮಾರ್ಗ. ಎಲ್ಲವೂ ನಮ್ಮಲ್ಲಿತ್ತೆಂಬ ಪಕ್ಷವು ಇಲ್ಲಿಯೇ ಬಿದ್ದುಹೋಗುತ್ತದೆ. ಆದರೆ ಮೀರಿದ ನಿಯಮ ಯಾವುದೆಂಬುದನ್ನು ಇಷ್ಟು ನಿಷ್ಕೃಷ್ಟವಾಗಿ ಹೇಳಲು ಶಾಸ್ತ್ರದ ಪರಿಭಾಷೆಯೇ ಸಹಾಯವಾಯಿತೆಂಬುದನ್ನೂ ಮರೆಯಬಾರದು.

ಎರಡನೆಯದು ವರ್ತನೆ, ಅಂದರೆ ಛಾಯೆಯನ್ನು ಕೊಡುವ ಕ್ರಮ. ಚಿತ್ರಸೂತ್ರದಲ್ಲಿ ಅದು ಮೂರು ವಿಧ: ಎಲೆಯ ನರಗಳಂತಹ ರೇಖೆಗಳಿಂದಾಗುವ ಪತ್ರಜ, ಅತಿಸೂಕ್ಷ್ಮವಾದ ಆಹೈರಿಕ, ಬಿಂದುಗಳಿಂದಾಗುವ ಬಿಂದುಜ. ಮೂರಕ್ಕೂ ಪ್ರಯೋಜನವೊಂದೇ, ಉಬ್ಬುತಗ್ಗುಗಳನ್ನು ತೋರಿಸುವುದು. ಅಜಂತೆಯ ಭಿತ್ತಿಚಿತ್ರಗಳಲ್ಲಿ ಕೆನ್ನೆಯ ದುಂಡುತನವು ಹೀಗೆಯೇ ಸಾಧಿಸಲ್ಪಟ್ಟಿದೆ. ಪಿಕಾಸೋವಿನ ಪಟದಲ್ಲಿಯೂ ಕುಂಚದ ಚಿಕ್ಕಚಿಕ್ಕ ಸ್ಪರ್ಶಗಳಿಂದಾದ ವರ್ತನೆಯುಂಟು. ಆದರೆ ಅಲ್ಲಿ ಒಂದೊಂದು ತಲವೂ ಒಂದು ಅಂಚಿನಲ್ಲಿ ಗಾಢವಾಗಿದ್ದು ಇನ್ನೊಂದು ಅಂಚಿನಲ್ಲಿ ಕರಗಿ, ಪಕ್ಕದ ತಲದೊಳಗೆ ಹರಿದುಹೋಗುತ್ತದೆ. ಅಂಚು ಮುಚ್ಚುವುದಿಲ್ಲ. ಆದುದರಿಂದ ಛಾಯೆಯು ಕೆನ್ನೆಯ ಉಬ್ಬನ್ನು ತೋರಿಸುವ ಸೇವೆಯಿಂದ ಬಿಡುಗಡೆ ಹೊಂದಿ, ದೇಹವನ್ನೂ ಅದರ ಸುತ್ತಣ ಅವಕಾಶವನ್ನೂ ಒಂದೇ ದ್ರವ್ಯದಿಂದಾದುವೆಂಬಂತೆ ಹೆಣೆಯುತ್ತದೆ.

ಮೂರನೆಯದು ಗುರುತುಗಳ ವಿಚಾರ. ಪೂರ್ವಪಕ್ಷಕ್ಕೆ ಉತ್ತರವಿರುವುದು ಇಲ್ಲಿಯೇ. ೧೯೬೪ರಲ್ಲಿ ಪ್ರಕಟವಾದ ಫ್ರಾಂಸ್ವಾಸ್ ಜೀಲೋ ಎಂಬಾಕೆಯ ಸ್ಮರಣಗ್ರಂಥದಲ್ಲಿ ಪಿಕಾಸೋ ಈ ಪಟದ ವಿಷಯವಾಗಿ ಹೇಳಿದ ಮಾತೊಂದು ದಾಖಲೆಯಾಗಿದೆ. ಅದರ ತಾತ್ಪರ್ಯವಿದು: ಮೊದಲು ಬರೆದಾಗ ಚಿತ್ರವು ಹೊಗೆಯಾಗಿ ಹಾರಿಹೋಗುವಂತೆ ತೋರಿತು; ಹೊಗೆಯನ್ನು ಬರೆದರೂ ಅದರಲ್ಲಿ ಮೊಳೆ ಹೊಡೆಯುವಷ್ಟು ಗಟ್ಟಿತನವಿರಬೇಕೆಂಬುದು ಅವನ ಇಚ್ಛೆ; ಆದುದರಿಂದ ಕಣ್ಣಿನ ಸೂಚನೆ, ಕೂದಲಿನ ಅಲೆ, ಕಿವಿಯ ತುದಿ, ಜೋಡಿಸಿದ ಕೈ ಇವುಗಳನ್ನು ತರುವಾಯ ಸೇರಿಸಿದನು. ಕಾನ್‌ವೈಲರನೂ ೧೯೨೦ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟಿಸಿದ ಕ್ಯೂಬಿಸಂ ವಿಷಯಕವಾದ ಜರ್ಮನ್ ಗ್ರಂಥದಲ್ಲಿ, ಇಂತಹ ಯಥಾರ್ಥ ವಿವರಗಳು ನೋಡುವವನ ಸ್ಮೃತಿಯನ್ನು ಕೆರಳಿಸಿ, ಪೂರ್ಣವಸ್ತುವು ಪಟದ ಮೇಲೆ ಇರದೆ ಅವನ ಮನಸ್ಸಿನಲ್ಲಿ ಕೂಡಿಕೊಳ್ಳುವಂತೆ ಮಾಡುತ್ತವೆಂದು ಪ್ರತಿಪಾದಿಸಿರುವನು.

ಇದನ್ನು ನಮ್ಮ ತರ್ಕದ ಮಾತಿನಲ್ಲಿ ಹೇಳುವುದಾದರೆ, ಆ ವಿವರಗಳು ಉದ್ಬೋಧಕಗಳು. ಸಂಬಂಧವುಳ್ಳ ಎರಡು ವಸ್ತುಗಳಲ್ಲಿ ಒಂದನ್ನು ಕಂಡರೆ ಇನ್ನೊಂದರ ಸಂಸ್ಕಾರವು ಎಚ್ಚರಗೊಂಡು ಸ್ಮೃತಿಯಾಗುತ್ತದೆ. ಆನೆಯನ್ನು ಕಂಡವನಿಗೆ ಮಾವುತನು ನೆನಪಾಗುವಂತೆ. ಆದರೆ ಆನೆಯು ಮಾವುತನ ಪ್ರತಿಕೃತಿಯಲ್ಲವಷ್ಟೆ ಎಂದು ಪೂರ್ವಪಕ್ಷಿಯು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಸಮಾಧಾನವೇನೆಂದರೆ, ಇಲ್ಲಿ ಉದ್ಬೋಧಕಗಳು ಎಲ್ಲೆಂದರಲ್ಲಿ ಎಸೆಯಲ್ಪಟ್ಟಿಲ್ಲ. ಕೂದಲು ಮೇಲೆ, ಕಣ್ಣುಗಳು ಅದರ ಕೆಳಗೆ, ಸರಪಣಿಯು ನಡುವೆ, ಕೈಗಳು ಅಡಿಯಲ್ಲಿ. ಕುಳಿತ ಮನುಷ್ಯನಲ್ಲಿ ಅವು ಯಾವ ಕ್ರಮದಲ್ಲಿರುತ್ತವೆಯೋ ಅದೇ ಕ್ರಮದಲ್ಲಿಯೇ ಇವೆ. ಅವಯವಗಳು ಒಡೆದಿವೆ; ಸನ್ನಿವೇಶದ ಕ್ರಮವು ಒಡೆದಿಲ್ಲ. ಭಟ್ಟತೌತನು ಹೇಳಿದ ಸನ್ನಿವೇಶವು ಕೃಶವಾಗಿ, ಕೇವಲ ಬೆನ್ನುಮೂಳೆಯಷ್ಟಾಗಿ ಉಳಿದಿದೆ. ಸಾದೃಶ್ಯವೆಂಬುದಕ್ಕೆ ಬಹುಧರ್ಮಗಳ ಸಾಮ್ಯವು ಬೇಕೆಂಬ ಲಕ್ಷಣವನ್ನು ಹಿಡಿದರೆ ಇಲ್ಲಿ ಸಾದೃಶ್ಯವು ನಿಜವಾಗಿಯೂ ಅಲ್ಪ. ಆದರೆ ಅಲ್ಪವೆಂಬುದು ಬೇರೆ, ಇಲ್ಲವೆಂಬುದು ಬೇರೆ.

ಇನ್ನೊಂದು ಆಕ್ಷೇಪವುಂಟು. ಕಾನ್‌ವೈಲರನನ್ನು ಎಂದೂ ಕಾಣದವನಿಗೆ ಈ ಪಟದಿಂದ ಒಬ್ಬ ಮನುಷ್ಯನೆಂದು ತಿಳಿಯಬಹುದೇ ಹೊರತು ಇವನೇ ಎಂದು ತಿಳಿಯದು. ಹೆಸರಿನ ಸಹಾಯವು ಬೇಕಾಗುತ್ತದೆ. ಇದು ಈ ಪಟಕ್ಕೆ ಮಾತ್ರವೇ ಬಂದ ದೋಷವಲ್ಲ. ಭಾಸನ ಪ್ರತಿಮಾನಾಟಕದಲ್ಲಿ ಭರತನು ಪ್ರತಿಮಾಗೃಹವನ್ನು ಹೊಕ್ಕು ಸ್ವಂತ ತಂದೆಯ ಪ್ರತಿಮೆಯ ಎದುರಿಗೆ ನಿಂತರೂ, ಆ ಗೃಹದ ಪಾಲಕನು ಹೇಳುವವರೆಗೆ ತಿಳಿಯಲಿಲ್ಲ. ಮಥುರೆಯ ಸಮೀಪದ ಮಾಟ್ ಗ್ರಾಮದಲ್ಲಿ ದೊರೆತ ಕನಿಷ್ಕ ಮಹಾರಾಜನ ಪ್ರತಿಮೆಗೆ ತಲೆಯೇ ಇಲ್ಲ. ಆದರೂ ನಿಲುವು, ಉದ್ದನೆಯ ಅಂಗಿ, ದಪ್ಪನಾದ ಪಾದರಕ್ಷೆ, ಆಯುಧ, ಶಾಸನಾಕ್ಷರಗಳು ಇವುಗಳ ಬಲದಿಂದ ಅದನ್ನು ಕನಿಷ್ಕನ ಪ್ರತಿಕೃತಿಯೆಂದು ಸರ್ವರೂ ಒಪ್ಪುತ್ತಾರೆ. ಅಲ್ಲಿ ಮುಖವನ್ನು ಕಾಲವು ತೆಗೆಯಿತು, ಇಲ್ಲಿ ಚಿತ್ರಕಾರನು ತೆಗೆದನು; ಮುಖವಿಲ್ಲದೆಯೂ ಪ್ರತಿಕೃತಿತ್ವವು ನಿಲ್ಲಬಲ್ಲುದೆಂಬ ಅಂಶವು ಎರಡಕ್ಕೂ ಸಮಾನ.

೬. ಭಾವವಿಚಾರ

ಪಟದಲ್ಲಿ ಭಾವವೇನೆಂಬ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳನ್ನು ಮೊದಲು ನಿರಾಕರಿಸಬೇಕಾಗಿದೆ. ಭರತಮುನಿಯು ಕರುಣರಸಕ್ಕೆ ಪಾರಿವಾಳದ ಬೂದುಬಣ್ಣವನ್ನು ಹೇಳಿರುವುದರಿಂದ ಬೂದುಮಯವಾದ ಈ ಚಿತ್ರವು ಕರುಣರಸದ್ದೆಂಬುದು ಮೊದಲನೆಯದು. ಇದು ಸಲ್ಲದು. ೧೯೧೦ರ ಸುಮಾರಿನಲ್ಲಿ ಪಿಕಾಸೋ ಮತ್ತು ಬ್ರಾಕರು ಬರೆದ ಸೀಸೆ, ವೀಣೆಯಂತಹ ವಾದ್ಯ, ಮೇಜು ಇವುಗಳ ಚಿತ್ರಗಳೂ ಇದೇ ಬೂದು ಕಂದುಗಳಲ್ಲಿಯೇ ಇವೆ. ಸೀಸೆಗೆ ಶೋಕವೆಲ್ಲಿಯದು? ಉಜ್ಜ್ವಲವರ್ಣಗಳು ತಲಗಳ ಪರಸ್ಪರ ಪ್ರವೇಶಕ್ಕೆ ಅಡ್ಡಬರುತ್ತವೆಂಬ ರಚನಾಕಾರಣದಿಂದ ವರ್ಣವು ಸಂಕುಚಿತವಾಯಿತೆಂದು ತಿಳಿಯುವುದೇ ಯುಕ್ತ.

ಎರಡನೆಯದು ಚರಿತ್ರೆಯಿಂದ ಬಂದುದು. ೧೯೧೪ರಲ್ಲಿ ಮಹಾಯುದ್ಧವು ಮೊದಲಾದಾಗ ಕಾನ್‌ವೈಲರನು ಜರ್ಮನ್ ಪ್ರಜೆಯಾಗಿದ್ದ ಕಾರಣ ಫ್ರಾನ್ಸಿಗೆ ಹಿಂದಿರುಗಲಾರದೆ ಸ್ವಿಟ್ಸರ್ಲೆಂಡಿನಲ್ಲಿ ನಿಲ್ಲಬೇಕಾಯಿತು. ಅವನ ಅಂಗಡಿಯಲ್ಲಿದ್ದ ಚಿತ್ರಗಳನ್ನು ಶತ್ರುವಿನ ಸ್ವತ್ತೆಂದು ಫ್ರಾನ್ಸಿನ ಸರ್ಕಾರವು ವಶಪಡಿಸಿಕೊಂಡು, ೧೯೨೧ರಿಂದ ೧೯೨೩ರವರೆಗೆ ನಾಲ್ಕು ಹರಾಜುಗಳಲ್ಲಿ ಮಾರಿಬಿಟ್ಟಿತು. ಅವನ ಸ್ವಂತ ಪ್ರತಿಕೃತಿಯೂ ೧೯೨೧ರಲ್ಲಿ ಹಾಗೆಯೇ ಪರರ ಪಾಲಾಯಿತು. ೧೯೪೦ರಲ್ಲಿ ಜರ್ಮನರು ಪಾರಿಸನ್ನು ಹಿಡಿದಾಗ ಯೆಹೂದಿಯೆಂಬ ಕಾರಣದಿಂದ ಅವನು ಇನ್ನೊಮ್ಮೆ ಊರುಬಿಟ್ಟು ಅಡಗಿರಬೇಕಾಯಿತು. ಒಂದು ಯುದ್ಧದಲ್ಲಿ ಜರ್ಮನನೆಂದೂ ಇನ್ನೊಂದರಲ್ಲಿ ಯೆಹೂದಿಯೆಂದೂ ನೆಲೆಗೆಟ್ಟವನ ಮುಖವು ಪಟದಲ್ಲಿ ಚೂರಾಗಿರುವುದನ್ನು ಕಂಡು, ಚಿತ್ರಕಾರನು ಭವಿಷ್ಯವನ್ನು ಬರೆದನೆಂದು ಹೇಳಲು ಮನಸ್ಸು ಎಳೆಯುತ್ತದೆ. ಆದರೆ ಚಿತ್ರವು ೧೯೧೦ರದು, ವಿಪತ್ತು ಅನಂತರದ್ದು. ಮುಂದಿನದನ್ನು ಹಿಂದಿನದರಲ್ಲಿ ಓದುವುದು ನಮ್ಮ ಅನುಕಂಪಕ್ಕೆ ಗೌರವವೇ ಹೊರತು ಇತಿಹಾಸಕ್ಕೆ ಗೌರವವಲ್ಲ.

ಹಾಗಾದರೆ ಪಟವೇ ಹೇಳುವುದೇನು? ಸ್ಥಾಯಿಭಾವವನ್ನು ತೋರಿಸಬೇಕಾದ ಅನುಭಾವಗಳು, ಹುಬ್ಬಿನ ಗಂಟು, ತುಟಿಯ ನಗೆ, ಕಣ್ಣಿನ ಕೆಂಪು, ಯಾವುವೂ ಇಲ್ಲ. ಇರುವ ಅನುಭಾವವೊಂದೇ, ತೊಡೆಯ ಮೇಲೆ ಜೋಡಿಸಿಟ್ಟ ಕೈಗಳು. ಅದು ಕಾದು ಕುಳಿತವನ ಕೈ. ಅನೇಕ ದಿನಗಳು ಅಲುಗಾಡದೆ ಕುಳಿತು, ತನ್ನ ಮುಖವು ಕರಗಿಹೋಗುವುದನ್ನು ಆಕ್ಷೇಪವಿಲ್ಲದೆ ಒಪ್ಪಿದವನ ಧೃತಿಯು ಅಲ್ಲಿ ಸೂಚಿತವಾಗಿದೆ. ಮೇಲಣ ತಲಗಳೆಲ್ಲವೂ ಚಲಿಸುತ್ತಿರುವಂತೆ ತೋರಿದರೆ ಕೆಳಗಣ ಕೈಗಳು ಮಾತ್ರ ನಿಂತಿವೆ. ಈ ಚಲನೆ ನಿಲುಗಡೆಗಳ ವಿರೋಧದಲ್ಲಿಯೇ ಪಟದ ಭಾವವು ಹುಟ್ಟುತ್ತದೆ.

ನೋಡುವವನಲ್ಲಿ ನಡೆಯುವುದನ್ನು ಕ್ರಮವಾಗಿ ಗಮನಿಸಿದರೆ, ಮೊದಲು ಇದೇನೆಂಬ ವಿತರ್ಕ. ಕೂದಲನ್ನೂ ಸರಪಣಿಯನ್ನೂ ಕಂಡಾಗ ಸ್ಮೃತಿ. ಮನುಷ್ಯನು ಕೂಡಿಕೊಂಡಾಗ ಮತಿ. ಮತ್ತೆ ಕಣ್ಣು ಸರಿದೊಡನೆ ಅವನು ಕರಗಿ ಪುನಃ ವಿತರ್ಕ. ಇವೆಲ್ಲವೂ ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿದುವೇ. ಅವು ಒಂದು ಸ್ಥಾಯಿಯನ್ನು ಪೋಷಿಸಿ ರಸವಾಗಿ ಪರಿಣಮಿಸುವುದಿಲ್ಲ. ತಾವೇ ಪ್ರಧಾನವಾಗಿ ವ್ಯಂಜಿತವಾಗುತ್ತವೆ. ಆಲಂಕಾರಿಕರು ಇಂತಹುದನ್ನು ರಸಧ್ವನಿಯೆಂದು ಕರೆಯದೆ ಭಾವಧ್ವನಿಯೆಂದು ಕರೆದರು. ಆದುದರಿಂದ ಈ ಪಟದಲ್ಲಿ ರಸವಿಲ್ಲವೆಂದು ಹೇಳುವವನ ಮಾತು ಒಂದರ್ಥದಲ್ಲಿ ಸತ್ಯವೇ. ಭಾವವಿಲ್ಲವೆಂದರೆ ಮಾತ್ರ ಅಸತ್ಯ. ನೋಡಿದೊಡನೆಯೇ ತಿಳಿಯಬೇಕೆಂಬ ಸೋಮೇಶ್ವರನ ಲಕ್ಷಣಕ್ಕೆ ಇದು ಹೊಂದದು. ನೋಡುತ್ತಿರುವಾಗ ತಿಳಿಯುತ್ತಲೂ ಮರೆಯಾಗುತ್ತಲೂ ಇರುವುದೇ ಇದರ ಸ್ವಭಾವ.

೭. ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸಿದುದಿಷ್ಟು. ಈ ಪಟವು ಪ್ರತಿಕೃತಿಯೇ ಹೌದು. ಏಕೆಂದರೆ ಸಾದೃಶ್ಯವು ಅಲ್ಪವಾದರೂ ಸನ್ನಿವೇಶಕ್ರಮವು ಉಳಿದು ಉದ್ಬೋಧಕಗಳಿಗೆ ಆಧಾರವಾಗಿದೆ. ಇದರ ರೀತಿಯು ನಮ್ಮ ಶಾಸ್ತ್ರೋಕ್ತವಲ್ಲ. ಒಂದು ಆಕೃತಿಗೆ ಒಂದು ಸ್ಥಾನವೆಂಬ ನಿಯಮವನ್ನು ಅದು ತಿಳಿದೇ ಮುರಿದಿದೆ. ಇದರ ಭಾವವು ವರ್ಣದಲ್ಲಿಯೂ ಇಲ್ಲ, ಚರಿತ್ರೆಯ ವಿಪತ್ತಿನಲ್ಲಿಯೂ ಇಲ್ಲ. ನಿಂತ ಕೈಗಳಿಗೂ ನಿಲ್ಲದ ಮುಖಕ್ಕೂ ನಡುವೆ ಇದೆ.

ನಿದ್ರಿಸುವವನನ್ನು ಚೇತನಯುಕ್ತನಾಗಿಯೂ ಮೃತನನ್ನು ಚೇತನರಹಿತನಾಗಿಯೂ ಬರೆಯಬಲ್ಲವನೇ ಚಿತ್ರವನ್ನು ಬಲ್ಲವನೆಂದು ಚಿತ್ರಸೂತ್ರವು ನಿರ್ಣಯಿಸಿದೆ. ಇಬ್ಬರ ಅವಯವಗಳೂ ಹೊರನೋಟಕ್ಕೆ ಒಂದೇ ಆಗಿರುವುದರಿಂದ, ಸಾದೃಶ್ಯಕ್ಕಿಂತ ಚೇತನವೇ ಮಿಗಿಲಾದ ಪ್ರಮಾಣವೆಂಬುದು ಆ ನಿರ್ಣಯದ ಗರ್ಭಿತಾರ್ಥ. ಆ ಪ್ರಮಾಣದಿಂದ ಅಳೆದರೆ ಈ ಪಟವನ್ನು ತಳ್ಳಿಹಾಕಲು ಶಾಸ್ತ್ರವು ಅನುಮತಿ ಕೊಡುವುದಿಲ್ಲ.

ಕಾನ್‌ವೈಲರನು ೧೯೭೯ರಲ್ಲಿ ಪಾರಿಸ್ ನಗರದಲ್ಲಿ ತೊಂಬತ್ತನಾಲ್ಕು ವರ್ಷದ ವೃದ್ಧನಾಗಿ ತೀರಿಕೊಂಡನು. ಪಟವು ೧೯೪೮ರಲ್ಲಿಯೇ ಅಮೆರಿಕದ ಶಿಕಾಗೋ ನಗರದ ಕಲಾಸಂಸ್ಥೆಗೆ ದಾನವಾಗಿ ಸೇರಿತ್ತು. ಇಪ್ಪತ್ತಾರು ವರ್ಷದ ಆ ಯುವಕನ ಕೈಗಳು ಈಗಲೂ ಅಲ್ಲಿ ಜೋಡಿಸಿಕೊಂಡೇ ಇವೆ. ಮುಖವನ್ನು ಕೂಡಿಸಿಕೊಳ್ಳುವ ಕೆಲಸವನ್ನು ಬಂದು ನಿಂತವರೇ ಮಾಡಬೇಕು.